ಹೋದೆ, ಹೋಗುತ್ತಿದ್ದೆ: ಫ್ರೆಂಚ್ ವ್ಯಾಕರಣಕ್ಕೆ ಕನ್ನಡದ ದಾರಿ

ಪ್ರಶ್ನೆ: ನಾನು ಕೊಪ್ಪಳ ಜಿಲ್ಲೆಯ ಆನೆಗುಂದಿಯವನು. ಪ್ರವಾಸಿಗರಿಗೆ ಊರು, ಗುಡ್ಡ, ಕೋಟೆ ತೋರಿಸುವುದು ನನ್ನ ಕೆಲಸ. ಫ್ರಾನ್ಸಿನಿಂದ ಬರುವವರೊಂದಿಗೆ ಅವರ ಭಾಷೆಯಲ್ಲೇ ಮಾತನಾಡಬೇಕೆಂಬ ಆಸೆಯಿಂದ ಎರಡು ವರ್ಷದಿಂದ ಫ್ರೆಂಚ್ ಕಲಿಯುತ್ತಿದ್ದೇನೆ. ಕಲಿಕೆಯ ಎರಡನೇ ಹಂತವಾದ ಎ-2 ಮುಗಿದಿದೆ. ಅಲ್ಲಿಯವರೆಗೆ ಎಲ್ಲ ಸಲೀಸಾಗಿತ್ತು. ಈಗ ಅದರ ಮುಂದಿನ ಹಂತವಾದ ಬಿ-1ರ ಪುಸ್ತಕ ತೆರೆದರೆ ಎರಡು ಭೂತಕಾಲಗಳು, ಸರ್ವನಾಮಗಳು, ಬಯಕೆ, ಅಗತ್ಯಗಳನ್ನು ಹೇಳುವ ಸಬ್ಜಂಕ್ಟಿವ್ ಎಂಬ ಕ್ರಿಯಾರೂಪ ಎಲ್ಲವೂ ಒಂದರೊಳಗೊಂದು ಕಲಸಿಹೋಗುತ್ತವೆ. ವಿವರಣೆಗಳೆಲ್ಲ ಇಂಗ್ಲಿಷಿನಲ್ಲಿವೆ, ನಾನು ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು. ಮೊದಲು ಇಂಗ್ಲಿಷ್ ವ್ಯಾಕರಣವನ್ನು ಗಟ್ಟಿ ಮಾಡಿಕೊಂಡು ಆಮೇಲೆ ಫ್ರೆಂಚಿಗೆ ಬರಬೇಕೇ? ನಾನು ಚಿಕ್ಕವನಿದ್ದಾಗ ಅಜ್ಜ ದಿನವೂ ಹೊಳೆ ದಾಟುತ್ತಿದ್ದರು ಎಂದು ಹೇಳಲು ಹೋಗಿ ಹೀಗೆ ಬರೆದೆ: ‘ಕಾಂ ಜೇ ಏತೇ ಪ್ತಿ, ಮೋಂ ಗ್ರಾಂ ಪೆರ್ ಆ ತ್ರಾವೆರ್ಸೇ ಲ ಫ್ಲವ್ ತೂ ಲೇ ಜೂರ್.’ ಮೇಷ್ಟರು ಮೂರು ಕಡೆ ಕೆಂಪು ಗೆರೆ ಎಳೆದರು. ತಪ್ಪು ಎಲ್ಲಿದೆ?

ಉತ್ತರ: ಇಂಗ್ಲಿಷ್ ವ್ಯಾಕರಣದ ಕಡೆಗೆ ಈಗ ಹೋಗಬೇಡಿ. ನಿಮ್ಮ ತೊಂದರೆ ಹುಟ್ಟಿರುವುದೇ ಅಲ್ಲಿಂದ. ಕೆಂಪು ಗೆರೆ ಬಿದ್ದ ಮೂರರಲ್ಲಿ ಎರಡು ತಪ್ಪುಗಳು ಕನ್ನಡದಲ್ಲಿ ಯೋಚಿಸಿದ್ದರೆ ಆಗುತ್ತಲೇ ಇರಲಿಲ್ಲ. ಬಳ್ಳಾರಿಯಲ್ಲಿ ಇಪ್ಪತ್ತು ವರ್ಷದಿಂದ ಫ್ರೆಂಚ್ ಕಲಿಸುತ್ತಿದ್ದೇನೆ. ಎ-2 ದಾಟಿ ಬಿ-1ರ ಹೊಸ್ತಿಲಲ್ಲಿ ನಿಂತು ಹಿಂದಿರುಗಿ ಹೋದವರನ್ನು ಎಷ್ಟೋ ಮಂದಿಯನ್ನು ಕಂಡಿದ್ದೇನೆ. ಅವರಲ್ಲಿ ಬಹಳಷ್ಟು ಜನ ಫ್ರೆಂಚನ್ನು ಇಂಗ್ಲಿಷಿನ ಮೂಲಕ ಕಲಿಯಲು ಹೋದವರು. ಎ-2ರವರೆಗೆ ಅದು ಸಾಗುತ್ತದೆ, ಏಕೆಂದರೆ ಅಲ್ಲಿಯವರೆಗೆ ಬೇಕಾಗುವುದು ಹೆಚ್ಚಾಗಿ ಪದಗಳು. ಬಿ-1ರಲ್ಲಿ ಬೇಕಾಗುವುದು ಒಂದು ಸಂಗತಿಯನ್ನು ಯಾವ ಕಡೆಯಿಂದ ನೋಡುತ್ತೇವೆ ಎಂಬ ದೃಷ್ಟಿ. ಅದು ನಿಮ್ಮ ಮನೆಮಾತಿನಲ್ಲಿ ಆಗಲೇ ಇದೆ.

ಫ್ರೆಂಚ್ ಪದಗಳನ್ನು ಇಲ್ಲಿ ಕಿವಿಗೆ ಕೇಳುವ ಹಾಗೆ ಕನ್ನಡ ಲಿಪಿಯಲ್ಲಿ ಬರೆಯುತ್ತೇನೆ. ಕಾಗುಣಿತವನ್ನು ನಿಮ್ಮ ಪುಸ್ತಕದಲ್ಲಿ ನೋಡಿಕೊಳ್ಳಿ.

ಭೂತಕಾಲದಿಂದಲೇ ಶುರು ಮಾಡೋಣ, ನಿಮ್ಮಂಥ ಕಥೆ ಹೇಳುವವರಿಗೆ ಎಲ್ಲಕ್ಕಿಂತ ಹೆಚ್ಚು ಬೇಕಾದದ್ದು ಅದೇ. ಪಾಸೇ ಕೋಂಪೋಝೇ ಮತ್ತು ಆ್ಯಂಪಾರ್ಫೆ ಎಂಬ ಎರಡು ರೂಪಗಳನ್ನು ಇಂಗ್ಲಿಷ್ ಪುಸ್ತಕಗಳು ಪುಟಗಟ್ಟಲೆ ವಿವರಿಸುತ್ತವೆ. ಇಂಗ್ಲಿಷಿನಲ್ಲಿ ಒಂದೇ ಕ್ರಿಯಾರೂಪ ಎರಡು ಕೆಲಸವನ್ನೂ ಮಾಡಿಬಿಡುವುದರಿಂದ ಅಷ್ಟು ವಿವರಣೆ ಬೇಕಾಗುತ್ತದೆ. ಕನ್ನಡದಲ್ಲಿ ‘ಹೋದೆ’ ಬೇರೆ, ‘ಹೋಗುತ್ತಿದ್ದೆ’ ಬೇರೆ. ‘ನಿನ್ನೆ ಗಂಗಾವತಿಗೆ ಹೋದೆ’ ಎಂದಾಗ ಕೆಲಸ ಮುಗಿದಿದೆ. ಅದು ಪಾಸೇ ಕೋಂಪೋಝೇ. ‘ಆಗೆಲ್ಲ ಪ್ರತಿ ಸಂತೆಗೂ ಗಂಗಾವತಿಗೆ ಹೋಗುತ್ತಿದ್ದೆ’ ಎಂದಾಗ ಅದು ರೂಢಿ. ‘ನಾನು ಹೋಗುತ್ತಿದ್ದೆ, ಅಷ್ಟರಲ್ಲಿ ಮಳೆ ಬಂತು’ ಎಂದಾಗ ಹೋಗುವುದು ನಡೆಯುತ್ತಲೇ ಇದೆ. ಇವೆರಡೂ ಆ್ಯಂಪಾರ್ಫೆ. ಐದು ವರ್ಷದ ಮಗು ಕೂಡ ಕನ್ನಡದಲ್ಲಿ ಇದನ್ನು ತಪ್ಪಿಲ್ಲದೆ ಹೇಳುತ್ತದೆ.

ಕಲಿಸಲು ಶುರು ಮಾಡಿದ ಹೊಸದರಲ್ಲಿ ನಾನೂ ಇಂಗ್ಲಿಷ್ ಪುಸ್ತಕದ ಸೂತ್ರವನ್ನೇ ಹೇಳುತ್ತಿದ್ದೆ: ದೀರ್ಘ ಕ್ರಿಯೆಗೆ ಆ್ಯಂಪಾರ್ಫೆ, ಚಿಕ್ಕ ಕ್ರಿಯೆಗೆ ಪಾಸೇ ಕೋಂಪೋಝೇ. ಸಿರುಗುಪ್ಪದಿಂದ ಬರುತ್ತಿದ್ದ ಒಬ್ಬ ವಿದ್ಯಾರ್ಥಿನಿ ಒಂದು ದಿನ ಎದ್ದು ನಿಂತು ಕೇಳಿದಳು: ‘ಕೃಷ್ಣದೇವರಾಯ 20 ವರ್ಷ ಆಳಿದನು ಎನ್ನುವುದಕ್ಕೆ ಪುಸ್ತಕದಲ್ಲಿ ಇಲ್ ಆ ರೇನ್ಯೇ ವ್ಯಾಂ ತಾಂ ಎಂದಿದೆ. 20 ವರ್ಷ ದೀರ್ಘವಲ್ಲವೇ ಸರ್?’ ಅವಳ ಪ್ರಶ್ನೆ ಸರಿಯಾಗಿತ್ತು, ನನ್ನ ಸೂತ್ರ ತಪ್ಪಾಗಿತ್ತು. 1509ರಿಂದ 1529ರವರೆಗಿನ ಆಳ್ವಿಕೆಯನ್ನು ಆಚೆ ನಿಂತು, ಈ ತುದಿಯಿಂದ ಆ ತುದಿಯವರೆಗೆ ಒಂದೇ ನೋಟದಲ್ಲಿ ನೋಡಿದರೆ ‘ಆಳಿದನು’. ಅದಕ್ಕೆ ಪಾಸೇ ಕೋಂಪೋಝೇ. ಆ ಕಾಲದೊಳಗೇ ಹೋಗಿ ನಿಂತು ‘ಕೃಷ್ಣದೇವರಾಯನು ಆಳುತ್ತಿದ್ದಾಗ ಪೋರ್ಚುಗೀಸರು ಇಲ್ಲಿಗೆ ಬಂದರು’ ಎಂದರೆ ಅದೇ ಆಳ್ವಿಕೆ ‘ಇಲ್ ರೇನ್ಯೆ’ ಆಗುತ್ತದೆ. ಕ್ರಿಯೆಯ ಉದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ಹೇಳುವವರು ಒಳಗಿದ್ದಾರೋ ಹೊರಗಿದ್ದಾರೋ ಎಂಬುದೇ ಮುಖ್ಯ. ಅಂದಿನಿಂದ ಆ ಸೂತ್ರವನ್ನು ನಾನು ಯಾರಿಗೂ ಹೇಳಿಲ್ಲ.

ಆದರೆ ಒಂದು ಕಡೆ ಜಾಗ್ರತೆ ಬೇಕು. ‘ಇರು’ ಧಾತುವನ್ನು ಕನ್ನಡದಲ್ಲಿ ‘ಇರುತ್ತಿತ್ತು’ ಎಂದು ಹೇಳಿದರೆ ರೂಢಿಯ ಅರ್ಥ ಮಾತ್ರ ಬರುತ್ತದೆ. ಸ್ಥಿತಿಯನ್ನು ಹೇಳಲು ನಾವು ‘ಇತ್ತು’ ಎನ್ನುತ್ತೇವೆ. ‘ಬೆಟ್ಟದ ಮೇಲೆ ಕೋಟೆ ಇತ್ತು’ ಎನ್ನುವಾಗ ‘ಉತ್ತಿದ್ದ’ ಕಾಣದಿದ್ದರೂ ಫ್ರೆಂಚಿನಲ್ಲಿ ಆ್ಯಂಪಾರ್ಫೆ ಬರಬೇಕು: ಇಲ್ ಇ ಆವೆ. ಇಂಥ ಕಡೆ ನೆರವಾಗುವುದು ಕನ್ನಡದ ಇನ್ನೊಂದು ಜೋಡಿ, ‘ಇತ್ತು’ ಮತ್ತು ‘ಆಯಿತು’. ಗೊತ್ತಿತ್ತು ಎಂದರೆ ಜ ಸಾವೆ, ಗೊತ್ತಾಯಿತು ಎಂದರೆ ಜೇ ಸ್ಯೂ. ಭಯವಿತ್ತು ಎಂದರೆ ಜಾವೆ ಪರ್, ಭಯವಾಯಿತು ಎಂದರೆ ಜೇ ಊ ಪರ್. ಇಂಗ್ಲಿಷ್ ಪುಸ್ತಕಗಳು ಇದನ್ನು ‘ಅರ್ಥ ಬದಲಾಗುವ ಕ್ರಿಯಾಪದಗಳು’ ಎಂದು ಪ್ರತ್ಯೇಕ ಪಟ್ಟಿ ಮಾಡಿ ಬಾಯಿಪಾಠ ಮಾಡಿಸುತ್ತವೆ. ‘ಇತ್ತು’ ಬಂದಲ್ಲಿ ಆ್ಯಂಪಾರ್ಫೆ, ‘ಆಯಿತು’ ಬಂದಲ್ಲಿ ಪಾಸೇ ಕೋಂಪೋಝೇ ಎಂದುಕೊಂಡರೆ ನಿಮಗೆ ಆ ಪಟ್ಟಿ ಬೇಕಿಲ್ಲ. ‘ಮೂರು ವರ್ಷ ಹೊಸಪೇಟೆಯಲ್ಲಿದ್ದೆ’ ಎಂಬಂತೆ ಅವಧಿಯನ್ನು ಅಳೆದು ಮುಗಿಸಿದಾಗ ಮಾತ್ರ ‘ಇದ್ದೆ’ಗೂ ಪಾಸೇ ಕೋಂಪೋಝೇ ಬರುತ್ತದೆ: ಜೇ ಆಬೀತೇ.

ಇನ್ನೊಂದು ಎಡವುಗಲ್ಲು ‘ರೆ’ ಬರುವ ವಾಕ್ಯಗಳಲ್ಲಿದೆ. ‘ಹಣವಿದ್ದರೆ ಪ್ಯಾರಿಸ್ಸಿಗೆ ಹೋಗುತ್ತಿದ್ದೆ’ ಎನ್ನುತ್ತೇವಲ್ಲ, ಆ ‘ಹೋಗುತ್ತಿದ್ದೆ’ ಆ್ಯಂಪಾರ್ಫೆ ಅಲ್ಲ. ಅಲ್ಲಿ ಆ್ಯಂಪಾರ್ಫೆ ಬರುವುದು ‘ಇದ್ದರೆ’ ಭಾಗಕ್ಕೆ, ‘ಹೋಗುತ್ತಿದ್ದೆ’ಗೆ ಕೋಂದಿಸಿಯೊನೆಲ್ ಎಂಬ ಷರತ್ತಿನ ರೂಪ ಬರುತ್ತದೆ: ಸಿ ಜಾವೆ ದ ಲಾರ್ಜಾಂ, ಜಿರೆ ಆ ಪಾರೀ. ಇಲ್ಲಿ ಕನ್ನಡದ ಕೈ ಹಿಡಿದರೆ ದಾರಿ ತಪ್ಪುತ್ತದೆ.

ರೂಪಗಳನ್ನು ಮಾತ್ರ ಬಾಯಿಪಾಠ ಮಾಡಲೇಬೇಕು, ಅದಕ್ಕೆ ಒಳದಾರಿಯಿಲ್ಲ. ಆ್ಯಂಪಾರ್ಫೆ ಸುಲಭ: ವರ್ತಮಾನದ ‘ನೂ’ (ನಾವು) ರೂಪದ ಬಾಲ ಕತ್ತರಿಸಿ ಹೊಸ ಬಾಲ ಅಂಟಿಸಿದರೆ ಮುಗಿಯಿತು. ನೂ ಫಝೋಂ (ಮಾಡುತ್ತೇವೆ), ಜ ಫಝೆ (ಮಾಡುತ್ತಿದ್ದೆ). ನೂ ಪ್ರನೋಂ, ಜ ಪ್ರನೆ. ಇದಕ್ಕೆ ಹೊರತಾದದ್ದು ಎತ್ರ್ (ಇರು) ಒಂದೇ: ಜೇತೆ. ಉಚ್ಚಾರದ ಬಗ್ಗೆ ಒಂದು ಮಾತು. ‘ಜೇ ಮಾಂಜೇ’ ಎಂದರೆ ತಿಂದೆ, ‘ಜ ಮಾಂಜೆ’ ಎಂದರೆ ತಿನ್ನುತ್ತಿದ್ದೆ. ಇವುಗಳ ನಡುವೆ ಇರುವುದು ಕೂದಲೆಳೆಯಷ್ಟು ಅಂತರ. ಏ ಮತ್ತು ಎ ಬೇರೆ ಬೇರೆ ಎಂಬುದು ನಿಮ್ಮ ನಾಲಿಗೆಗೆ ಗೊತ್ತು, ಅದನ್ನು ಬಳಸಿಕೊಳ್ಳಿ. ಮೊದಲ ‘ಜೇ’ ಮತ್ತು ‘ಜ’ಗಳನ್ನು ಒತ್ತಿ, ಬಿಡಿಸಿ ಹೇಳಿ.

ಪಾಸೇ ಕೋಂಪೋಝೇಯಲ್ಲಿ ಸಹಾಯಕ ಕ್ರಿಯಾಪದವಾಗಿ ಆವ್ವಾರ್ (ಹೊಂದಿರು) ಬರಬೇಕೋ ಎತ್ರ್ ಬರಬೇಕೋ ಎಂಬುದನ್ನು ಎ-2ರಲ್ಲೇ ಕಲಿತಿದ್ದೀರಿ, ಹೆಚ್ಚು ಹೇಳುವುದಿಲ್ಲ. ಅಂಜನಾದ್ರಿಯನ್ನು ದಿನವೂ ಹತ್ತಿಸುವವರು ಇದೊಂದನ್ನು ಮಾತ್ರ ನೆನಪಿಡಬೇಕು: ಬರಿದೇ ‘ಮೇಲೆ ಹತ್ತಿದೆವು’ ಎಂದರೆ ನೂ ಸೋಮ್ ಮೋಂತೇ, ‘ಮೆಟ್ಟಿಲುಗಳನ್ನು ಹತ್ತಿದೆವು’ ಎಂದರೆ ನೂಝಾವೋಂ ಮೋಂತೇ ಲೇ ಮಾರ್ಶ್. ‘ಅನ್ನು’ ಬಂದ ತಕ್ಷಣ ಎತ್ರ್ ಹೋಗಿ ಆವ್ವಾರ್ ಬರುತ್ತದೆ.

‘ಅನ್ನು’ ಎಂದೆನಲ್ಲ, ಸರ್ವನಾಮಗಳ ಕಗ್ಗಂಟು ಬಿಚ್ಚುವುದೂ ಅಲ್ಲೇ. ಶಾಲೆಯಲ್ಲಿ ಉ, ಅನ್ನು, ಇಂದ, ಗೆ ಎಂದು ವಿಭಕ್ತಿಗಳನ್ನು ರಾಗವಾಗಿ ಹೇಳಿದ್ದು ನೆನಪಿದೆಯೇ? ಆ ಪಾಠ ಈಗ ಕೆಲಸಕ್ಕೆ ಬರುತ್ತದೆ. ಅವನನ್ನು, ಅವಳನ್ನು, ಅವರನ್ನು: ಲ, ಲಾ, ಲೇ. ಅವನಿಗೆ, ಅವಳಿಗೆ: ಎರಡಕ್ಕೂ ಲ್ವಿ. ಅವರಿಗೆ: ಲರ್. ಅದಕ್ಕೆ, ಅಲ್ಲಿಗೆ, ಅಲ್ಲಿ: ಇ. ಅದರಿಂದ, ಅಲ್ಲಿಂದ, ಅದರ ಬಗ್ಗೆ: ಆಂ. ಚತುರ್ಥಿಯಲ್ಲಿ ಮನುಷ್ಯರಿಗೆ ‘ಇಗೆ’, ವಸ್ತುವಿಗೆ ‘ಅದಕ್ಕೆ’ ಎಂದು ಕನ್ನಡ ಬೇರೆ ಮಾಡುವ ಹಾಗೆಯೇ ಫ್ರೆಂಚ್ ಮನುಷ್ಯರಿಗೆ ಲ್ವಿ, ವಸ್ತುವಿಗೆ ಇ ಎಂದು ಬೇರೆ ಮಾಡುತ್ತದೆ. ಹಂಪಿಗೆ ಹೋಗುತ್ತೀರಾ ಎಂದು ಯಾರಾದರೂ ಕೇಳಿದರೆ ‘ಜಿ ವೆ’, ಅಲ್ಲಿಗೆ ಹೋಗುತ್ತೇನೆ. ಹಂಪಿಯಿಂದ ಬಂದಿರಾ ಎಂದರೆ ‘ಜಾಂ ವಿಯ್ಯಾಂ’, ಅಲ್ಲಿಂದಲೇ ಬರುತ್ತಿದ್ದೇನೆ. ಈ ಸರ್ವನಾಮಗಳು ಕ್ರಿಯಾಪದಕ್ಕಿಂತ ಮೊದಲೇ ಬಂದು ಕೂರುವುದೂ ನಮಗೆ ಹೊಸದಲ್ಲ. ‘ನನಗೆ ಅದನ್ನು ಕೊಡುತ್ತಾನೆ’ ಮತ್ತು ‘ಇಲ್ ಮ ಲ ದೋನ್’ ಪದಕ್ಕೆ ಪದ ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಎರಡು ಸರ್ವನಾಮಗಳೂ ‘ಅವನು, ಅವಳು, ಅದು’ ಬಗೆಯವಾದಾಗ ಮಾತ್ರ ಸರದಿ ತಿರುಗುತ್ತದೆ, ಜ ಲ ಲ್ವಿ ದೋನ್, ‘ಅದನ್ನು ಅವನಿಗೆ’.

‘ಅವರಿಗೆ ಫೋನ್ ಮಾಡು’ ಎಂದು ನಾವು ಹೇಳುವಂತೆ ಫ್ರೆಂಚರೂ ‘ಗೆ’ ಹಚ್ಚುತ್ತಾರೆ, ಜ ಲರ್ ತೇಲೇಫೋನ್. ‘ಅವರಿಗೆ ಉತ್ತರಿಸು’ ಕೂಡ ಹಾಗೆಯೇ. ಕೇಳುವುದರ ವಿಷಯದಲ್ಲಿ ನಮ್ಮ ಭಾಗದ ಮಾತು ಗ್ರಂಥದ ಕನ್ನಡಕ್ಕಿಂತ ಫ್ರೆಂಚಿಗೆ ಹತ್ತಿರ: ಪುಸ್ತಕದಲ್ಲಿ ‘ಅವರನ್ನು ಕೇಳಿದೆ’ ಎಂದಿದ್ದರೆ ನಮ್ಮ ಕಡೆ ‘ಅವರಿಗೆ ಕೇಳಿದೆ’ ಎನ್ನುತ್ತಾರೆ, ಫ್ರೆಂಚಿನಲ್ಲೂ ಅದು ಲರ್. ನಮ್ಮ ಊರ ಮಾತು ಶುದ್ಧವಲ್ಲ ಎಂದು ಹಿಂಜರಿಯುವ ಮಕ್ಕಳಿಗೆ ನಾನು ಇದನ್ನು ಬೇಕೆಂದೇ ಹೇಳುತ್ತೇನೆ. ಹೊಂದದವು ಮೂರು ನಾಲ್ಕು, ಅವನ್ನು ಗೋಡೆಗೆ ಬರೆದು ಅಂಟಿಸಿಕೊಳ್ಳಿ. ನಾವು ‘ಅವರಿಗೆ’ ಸಹಾಯ ಮಾಡುತ್ತೇವೆ, ‘ಅವರಿಗೆ’ ಧನ್ಯವಾದ ಹೇಳುತ್ತೇವೆ, ‘ಅವರಿಗಾಗಿ’ ಕಾಯುತ್ತೇವೆ. ಫ್ರೆಂಚರಿಗೆ ಮೂರೂ ‘ಅನ್ನು’. ಜ ಲೇಝೆದ್, ಜ ಲೇ ರಮೆರ್ಸಿ, ಜ ಲೇಝಾತಾಂ.

‘ಆಂ’ನ ಇನ್ನೊಂದು ಉಪಯೋಗ ನಮ್ಮವರ ಬಾಯಲ್ಲಿ ಸದಾ ಬಿಟ್ಟುಹೋಗುತ್ತದೆ. ಆನೆಗುಂದಿಯಲ್ಲಿ ಬಾಳೆಹಣ್ಣಿಗೇನು ಕೊರತೆ. ಎಷ್ಟು ಬೇಕು ಎಂದರೆ ನಾವು ‘ಎರಡು ಸಾಕು’ ಎನ್ನುತ್ತೇವೆ, ಯಾವುದರಲ್ಲಿ ಎರಡು ಎಂದು ಹೇಳುವುದಿಲ್ಲ. ಫ್ರೆಂಚಿನಲ್ಲಿ ‘ಅದರಲ್ಲಿ’ ಎಂಬುದನ್ನು ಹೇಳಲೇಬೇಕು: ಜಾಂ ಪ್ರಾಂ ದ. ಆಂ ಇಲ್ಲದ ಉತ್ತರ ಅವರ ಕಿವಿಗೆ ಅರ್ಧಕ್ಕೆ ನಿಂತಂತೆ ಕೇಳುತ್ತದೆ.

‘ಬೇಕು’ ಎಂಬ ಪದವೊಂದೇ ಸಾಕು, ಕನ್ನಡಿಗರಿಗೆ ಫ್ರೆಂಚ್ ಯಾಕೆ ದೂರದ್ದಲ್ಲ ಎಂದು ತೋರಿಸಲು. ನಾನು, ನೀನು, ಅವರು ಯಾರೇ ಇದ್ದರೂ ‘ಬೇಕು’ ಬದಲಾಗುವುದಿಲ್ಲ. ‘ಇಲ್ ಫೋ’ ಕೂಡ ಬದಲಾಗುವುದಿಲ್ಲ. ಹೊರಡಬೇಕು, ಇಲ್ ಫೋ ಪಾರ್ತೀರ್. ನನಗೆ ನೀರು ಬೇಕು, ಇಲ್ ಮ ಫೋ ದ ಲೋ. ‘ನನಗೆ ಹಿಡಿಸುತ್ತದೆ’ ಎಂಬುದು ‘ಸಾ ಮ ಪ್ಲೆ’. ‘ಹತ್ತು ವರ್ಷದಿಂದ ಆನೆಗುಂದಿಯಲ್ಲಿದ್ದೇನೆ’ ಎಂದು ನಾವು ವರ್ತಮಾನದಲ್ಲೇ ಹೇಳುತ್ತೇವೆ, ಅವರೂ ಹಾಗೆಯೇ: ಜಾಬೀತ್ ಆ ಆನೆಗುಂದಿ ದಪ್ವಿ ದೀಝಾಂ. ಇಂಗ್ಲಿಷಿನ ದಾರಿಯಲ್ಲಿ ಬಂದವರು ಇಲ್ಲಿ ಭೂತಕಾಲ ಹಾಕಿ ಅಂಕ ಕಳೆದುಕೊಳ್ಳುತ್ತಾರೆ.

ಕಟ್ಟಿದನು, ಕಟ್ಟಿಸಿದನು ಎಂಬ ವ್ಯತ್ಯಾಸವನ್ನೂ ನೋಡಿ. ರಾಜರ ಕಥೆ ಹೇಳುವವರಿಗೆ ಇದಿಲ್ಲದೆ ನಡೆಯುವುದಿಲ್ಲ, ಯಾವ ರಾಜನೂ ಕಲ್ಲು ಹೊತ್ತವನಲ್ಲ. ನಮ್ಮ ‘ಇಸು’ ಪ್ರತ್ಯಯದ ಕೆಲಸವನ್ನು ಫ್ರೆಂಚಿನಲ್ಲಿ ಫೆರ್ (‘ಮಾಡು’) ಎಂಬ ಕ್ರಿಯಾಪದ ಮಾಡುತ್ತದೆ: ಇಲ್ ಆ ಕೋಂಸ್ತ್ರ್ವಿ ಎಂದರೆ ಕಟ್ಟಿದನು, ಇಲ್ ಆ ಫೆ ಕೋಂಸ್ತ್ರ್ವೀರ್ ಎಂದರೆ ಕಟ್ಟಿಸಿದನು. ನಗಿಸು ಎಂದರೆ ಫೆರ್ ರೀರ್. ಅಭ್ಯಾಸಕ್ಕೆ ನಿಮ್ಮ ಕೊಪ್ಪಳದ ಕೋಟೆಯೇ ಸಾಕು: 1786ರಲ್ಲಿ ಅದು ಟಿಪ್ಪುವಿನ ವಶಕ್ಕೆ ಬಂತು, ಫ್ರೆಂಚ್ ಎಂಜಿನಿಯರುಗಳ ನೆರವಿನಿಂದ ಅವನು ಅದನ್ನು ಮತ್ತೆ ಕಟ್ಟಿಸಿದನು. ನಮ್ಮ ಬಳ್ಳಾರಿ ಕೋಟೆಗೂ ಹೈದರ್ ಅಲಿ ಒಬ್ಬ ಫ್ರೆಂಚ್ ಎಂಜಿನಿಯರನನ್ನು ನೇಮಿಸಿದ್ದನಂತೆ. ಪಕ್ಕದ ಕುಂಬಾರ ಗುಡ್ಡ ಕೋಟೆಗಿಂತ ಎತ್ತರವಾಗಿದೆ ಎಂದು ಆಮೇಲೆ ತಿಳಿದು ಅವನನ್ನು ಗಲ್ಲಿಗೇರಿಸಿದನೆಂದು ಜನ ಹೇಳುತ್ತಾರೆ. ಆ ಕಥೆಯನ್ನು ಫ್ರೆಂಚಿನಲ್ಲಿ ಹೇಳಿ ನೋಡಿ. ಗುಡ್ಡ ಎತ್ತರವಾಗಿತ್ತು, ರಾಜನಿಗೆ ಗೊತ್ತಿರಲಿಲ್ಲ, ಆಮೇಲೆ ಗೊತ್ತಾಯಿತು, ಗಲ್ಲಿಗೇರಿಸಿದನು. ನಾಲ್ಕೇ ವಾಕ್ಯಗಳಲ್ಲಿ ಎರಡೂ ಭೂತಕಾಲಗಳು ತಂತಮ್ಮ ಜಾಗದಲ್ಲಿ ಬಂದು ಕೂರುತ್ತವೆ.

ಸಬ್ಜಂಕ್ಟಿವ್ ಬಗ್ಗೆ ಅಷ್ಟು ಹೆದರಿಕೆ ಬೇಡ. ‘ಅವನು ಬರುತ್ತಾನೆ ಎಂದು ನಂಬುತ್ತೇನೆ’, ‘ಅವನು ಬರಲಿ ಎಂದು ಬಯಸುತ್ತೇನೆ’. ಬರುತ್ತಾನೆ ಎನ್ನುವಲ್ಲಿ ಸಾಮಾನ್ಯ ರೂಪ, ಜ ಕ್ರ್ವಾ ಕಿಲ್ ವಿಯ್ಯಾಂ. ಬರಲಿ ಎನ್ನುವಲ್ಲಿ ಸಬ್ಜಂಕ್ಟಿವ್, ಜ ವ ಕಿಲ್ ವಿಯೆನ್. ಈ ಹಂತದಲ್ಲಿ ಬೇಕು, ಬಯಸು, ‘ಆಗಲೆಂದು’, ‘ಆಗುವ ಮೊದಲು’, ಸಂತೋಷ ಮತ್ತು ಬೇಸರ ಸೂಚಿಸುವ ಮಾತುಗಳು, ಇಷ್ಟರ ನಂತರ ಬರುವುದನ್ನು ಕಲಿತರೆ ಸಾಕು. ‘ಆಶಿಸುತ್ತೇನೆ’ ಎಂಬಲ್ಲಿ ನಾವು ‘ಬರಲಿ’ ಎನ್ನುತ್ತೇವೆ, ಫ್ರೆಂಚರು ಎನ್ನುವುದಿಲ್ಲ: ಜೆಸ್ಪೆರ್ ಕಿಲ್ ವಿಯ್ಯಾಂದ್ರಾ, ಬರುವನು ಎಂದೇ ಹೇಳುತ್ತಾರೆ.

ಇನ್ನು ಕನ್ನಡ ಕೈಕೊಡುವ ಎರಡು ಕಡೆ. ಒಂದು, ಕಿ, ಕ, ಊ, ದೋಂ ಎಂಬ ಸಂಬಂಧ ಸರ್ವನಾಮಗಳು. ನಾವು ‘ಬಿದ್ದ ಗುಡಿ’, ‘ನೋಡಿದ ಗುಡಿ’, ‘ಹೋದ ಗುಡಿ’, ‘ಹೇಳಿದ ಗುಡಿ’ ಎನ್ನುತ್ತೇವೆ. ಗುಡಿಗೂ ಕ್ರಿಯೆಗೂ ಇರುವ ಸಂಬಂಧವನ್ನು ಕೃದಂತ ನುಂಗಿಬಿಡುತ್ತದೆ. ಅದನ್ನು ಹೊರಗೆಳೆಯಲು ವಾಕ್ಯವನ್ನು ಎರಡಾಗಿ ಒಡೆಯಿರಿ. ಗುಡಿಯು ಬಿತ್ತು, ಆದ್ದರಿಂದ ಕಿ. ಗುಡಿಯನ್ನು ನೋಡಿದೆ, ಆದ್ದರಿಂದ ಕ. ಗುಡಿಗೆ ಹೋದೆ, ಆದ್ದರಿಂದ ಊ. ಗುಡಿಯ ಬಗ್ಗೆ ಹೇಳಿದೆ, ಆದ್ದರಿಂದ ದೋಂ: ಲ ತಾಂಪ್ಲ್ ದೋಂ ಜ ವೂಝೇ ಪಾರ್ಲೇ. ಮೊದಮೊದಲು ಇದು ನಿಧಾನ. ಒಂದು ತಿಂಗಳು ದಿನಕ್ಕೆ ಐದು ವಾಕ್ಯ ಒಡೆದು ಜೋಡಿಸಿದರೆ ಮನಸ್ಸು ತಾನೇ ಮಾಡತೊಡಗುತ್ತದೆ.

ಎರಡನೆಯದು ಲಿಂಗ. ನಮಗೆ ಕಲ್ಲು, ನೀರು, ಸೇತುವೆ ಎಲ್ಲ ‘ಅದು’. ಫ್ರೆಂಚಿನಲ್ಲಿ ‘ಅದು’ ಇಲ್ಲ, ಪ್ರತಿ ವಸ್ತುವೂ ಗಂಡು ಅಥವಾ ಹೆಣ್ಣು. ಶಾಲೆಯಲ್ಲಿ ಕಲಿತ ಹಿಂದಿಯಿಂದ ಈ ಅಭ್ಯಾಸ ಸ್ವಲ್ಪ ಇರಬಹುದು, ಆದರೆ ಲಿಂಗವನ್ನು ಅಲ್ಲಿಂದ ತರಬೇಡಿ. ಹಿಂದಿಯ ಕಿತಾಬ್ ಹೆಣ್ಣು, ಫ್ರೆಂಚಿನ ಲೀವ್ರ್ ಗಂಡು. ಪದದ ಬಾಲ ಕೆಲವೊಮ್ಮೆ ಸುಳಿವು ಕೊಡುತ್ತದೆ, ‘ಸಿಯೋಂ’ ಎಂದು ಮುಗಿಯುವವು ಬಹುತೇಕ ಹೆಣ್ಣು, ‘ಆಜ್’ ಎಂದು ಮುಗಿಯುವವು ಬಹುತೇಕ ಗಂಡು, ನಿಮ್ಮ ಮುನಿರಾಬಾದಿನ ಅಣೆಕಟ್ಟು ‘ಲ ಬಾರಾಜ್’ ಇದ್ದ ಹಾಗೆ. ಇದಕ್ಕಿಂತ ಒಳ್ಳೆಯ ಉಪಾಯವೆಂದರೆ ಪ್ರತಿ ಹೊಸ ಪದವನ್ನೂ ‘ದೊಡ್ಡ’ ಎಂಬ ಮಾತಿನೊಂದಿಗೆ ಕಲಿಯುವುದು. ಅಂ ಗ್ರಾಂ ರೋಶೇ, ದೊಡ್ಡ ಬಂಡೆ. ಯೂನ್ ಗ್ರಾಂದ್ ಪಿಯೆರ್, ದೊಡ್ಡ ಕಲ್ಲು. ಗ್ರಾಂ, ಗ್ರಾಂದ್ ಎಂಬ ಸದ್ದು ಕಿವಿಯಲ್ಲಿ ಉಳಿಯುತ್ತದೆ, ಲ ಮತ್ತು ಲಾ ಅಷ್ಟು ಉಳಿಯುವುದಿಲ್ಲ.

ದಿನಕ್ಕೆ ಎಷ್ಟು ಹೊತ್ತು ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ರಾತ್ರಿ ಅರ್ಧ ಗಂಟೆ ಸಾಕು. ಅಂದು ಪ್ರವಾಸಿಗರಿಗೆ ಹೇಳಿದ ಒಂದು ಕಥೆಯನ್ನು ಎಂಟು ಹತ್ತು ವಾಕ್ಯಗಳಲ್ಲಿ ಮೊದಲು ಮನಸ್ಸಿನಲ್ಲೇ ಕನ್ನಡದಲ್ಲಿ ಹೇಳಿಕೊಳ್ಳಿ, ಆಮೇಲೆ ಫ್ರೆಂಚಿನಲ್ಲಿ ಬರೆಯಿರಿ, ಆಮೇಲೆ ಗಟ್ಟಿಯಾಗಿ ಓದಿ. ಮರುದಿನ ಅದೇ ಕಥೆಯನ್ನು ಕಾಗದ ನೋಡದೆ ಹೇಳಿ. ವ್ಯಾಕರಣದ ಖಾಲಿ ಜಾಗ ತುಂಬುವ ಅಭ್ಯಾಸಗಳನ್ನು ವಾರಕ್ಕೊಮ್ಮೆ ಮಾಡಿದರೆ ಸಾಕು. ದೆಲ್ಫ್ ಎಂಬ ಫ್ರೆಂಚ್ ಭಾಷಾ ಪರೀಕ್ಷೆಯನ್ನು ಬಿ-1 ಹಂತದಲ್ಲಿ ಬರೆಯುವುದಾದರೆ ಇದೇ ಅಭ್ಯಾಸ ಅಲ್ಲೂ ಕೈಹಿಡಿಯುತ್ತದೆ: ಕೇಳುವುದು, ಓದುವುದು, ಬರೆಯುವುದು, ಮಾತನಾಡುವುದು, ನಾಲ್ಕಕ್ಕೂ ತಲಾ 25 ಅಂಕ, ಒಟ್ಟು 50 ಬಂದರೆ ತೇರ್ಗಡೆ, ಆದರೆ ಯಾವುದರಲ್ಲೂ 5ಕ್ಕಿಂತ ಕಡಿಮೆ ಬರುವಂತಿಲ್ಲ. ಬರವಣಿಗೆಯಲ್ಲಿ ಕನಿಷ್ಠ 160 ಪದ ಕೇಳುತ್ತಾರೆ. ದಿನವೂ ಹತ್ತು ವಾಕ್ಯ ಬರೆಯುವವರಿಗೆ ಅದು ಹೊರೆಯಲ್ಲ.

ಈಗ ನಿಮ್ಮ ಅಜ್ಜನ ವಾಕ್ಯ. ‘ಚಿಕ್ಕವನಿದ್ದಾಗ’ ಎಂಬುದು ‘ಇದ್ದ’ದ್ದು, ಆದ್ದರಿಂದ ಜೇ ಏತೇ ಹೋಗಿ ಜೇತೆ ಬರಬೇಕು. ‘ದಾಟುತ್ತಿದ್ದರು’ ಎಂದು ನೀವೇ ಕನ್ನಡದಲ್ಲಿ ಸರಿಯಾಗಿ ಬರೆದಿದ್ದೀರಿ, ಅದು ತ್ರಾವೆರ್ಸೆ. ಮೂರನೆಯ ಗೆರೆ ವ್ಯಾಕರಣದ್ದಲ್ಲ. ಫ್ರೆಂಚರು ಸಮುದ್ರ ಸೇರುವ ನದಿಗೆ ಫ್ಲವ್ ಎನ್ನುತ್ತಾರೆ, ಇನ್ನೊಂದು ನದಿಯನ್ನು ಸೇರುವುದಕ್ಕೆ ರಿವಿಯೆರ್ ಎನ್ನುತ್ತಾರೆ. ರಾಯಚೂರಿನ ಬಡಗಣ ಗಡಿಯಲ್ಲಿ ಹರಿಯುವ ಕೃಷ್ಣೆ ಬಂಗಾಳ ಕೊಲ್ಲಿಯವರೆಗೆ ಹೋಗುತ್ತಾಳೆ, ಅವಳು ಫ್ಲವ್. ನಿಮ್ಮ ಅಜ್ಜ ಹರಿಗೋಲಿನಲ್ಲಿ ದಾಟುತ್ತಿದ್ದ ತುಂಗಭದ್ರೆ ಆ ಕೃಷ್ಣೆಯನ್ನೇ ಸೇರುವವಳು. ಹಾಗಾಗಿ: ಕಾಂ ಜೇತೆ ಪ್ತಿ, ಮೋಂ ಗ್ರಾಂ ಪೆರ್ ತ್ರಾವೆರ್ಸೆ ಲಾ ರಿವಿಯೆರ್ ತೂ ಲೇ ಜೂರ್.